ಎರರ್ ಇಲ್ಲ, ಉತ್ತರವೂ ಇಲ್ಲ: ನನ್ನ ‘ನಾಟ್ ಇನ್’ ಪಾಡು

ಡೇಟಾಬೇಸ್ ಕಲಿಯಲು ಶುರು ಮಾಡಿ ಮೂರು ವಾರ ಆಗಿತ್ತು. ಅಭ್ಯಾಸಕ್ಕೆ ಎರಡು ಟೇಬಲ್ ಮಾಡಿಕೊಂಡಿದ್ದೆ. ಒಂದರಲ್ಲಿ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಅವರು ಎರವಲು ಪಡೆದ ಪುಸ್ತಕಗಳು. ಒಂದೂ ಪುಸ್ತಕ ಪಡೆಯದವರು ಯಾರು ಅಂತ ನೋಡಬೇಕಿತ್ತು. ‘ಈ ಪಟ್ಟಿಯಲ್ಲಿ ಇಲ್ಲದವರು’ ಅಂತ ಹೇಳುವ ‘ನಾಟ್ ಇನ್’ ಹಾಕಿ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆದೆ. ಬಂದದ್ದು ಸೊನ್ನೆ ಸಾಲು. ಎರರ್ ಕೂಡ ಇಲ್ಲ! ಎರರ್ ಬಂದಿದ್ದರೆ ಎಷ್ಟೋ ವಾಸಿ, ಹುಡುಕಲು ಒಂದು ಎಳೆಯಾದರೂ ಸಿಗುತ್ತಿತ್ತು ಅಲ್ವಾ?

ಸಂಜೆಯೆಲ್ಲಾ ಕಾಮಾ, ಬ್ರಾಕೆಟ್ ನೋಡುತ್ತಾ ಕೂತೆ. ಸುಮ್ನೆ ಸಮಯ ಹಾಳು. ಕೊನೆಗೆ ಒಳಗಿನ ಕ್ವೆರಿಯನ್ನಷ್ಟೇ, ಅಂದರೆ ಪುಸ್ತಕ ಪಡೆದವರ ಸಂಖ್ಯೆಗಳ ಪಟ್ಟಿ ಕೊಡುವ ಭಾಗವನ್ನು, ಬೇರೆಯಾಗಿ ಓಡಿಸಿದೆ. ಒಂದು ಸಾಲಿನಲ್ಲಿ ವಿದ್ಯಾರ್ಥಿ ಸಂಖ್ಯೆಯ ಜಾಗದಲ್ಲಿ ‘ನಲ್’ ಕೂತಿತ್ತು.

ನಲ್ ಅಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’ ಅಂತ ಅರ್ಥ. 7 ಈ ಪಟ್ಟಿಯಲ್ಲಿ ಇಲ್ಲ ತಾನೇ ಅಂತ ಕೇಳಿದರೆ, ಗೊತ್ತಿಲ್ಲದ ಆ ಒಂದು ಸಂಖ್ಯೆ 7 ಆಗಿದ್ದರೂ ಆಗಿರಬಹುದು. ಹಾಗಾಗಿ ಉತ್ತರ ‘ಹೌದು’ ಆಗುವುದೇ ಇಲ್ಲ. ಕ್ವೆರಿಯಲ್ಲಿ ಸಾಲುಗಳನ್ನು ಸೋಸುವ ‘ವೇರ್’ ಆದರೋ ಖಚಿತವಾಗಿ ಹೌದು ಎಂದ ಸಾಲನ್ನಷ್ಟೇ ಉಳಿಸಿಕೊಳ್ಳುತ್ತದೆ. ಒಂದು ನಲ್‌ನಿಂದ ಎಲ್ಲರೂ ಹೊರಗೆ.

ಅಂಥ ಸಾಲು ಇನ್ನೂ ಇವೆಯಾ ಅಂತ ಹುಡುಕಲು ‘ಈಕ್ವಲ್ ಟು ನಲ್’ ಅಂತ ಬರೆದೆ. ಅದೂ ಖಾಲಿ, ಅದೇ ಕಾರಣಕ್ಕೆ. ‘ಈಸ್ ನಲ್’ ಅಂತಲೇ ಬರೆಯಬೇಕು.

ಆಮೇಲೆ ‘ನಾಟ್ ಇನ್’ ತೆಗೆದು, ‘ಹೊಂದುವ ಸಾಲು ಒಂದೂ ಇಲ್ಲವಾ’ ಅಂತ ನೋಡುವ ‘ನಾಟ್ ಎಕ್ಸಿಸ್ಟ್ಸ್’ ಹಾಕಿದೆ. ತಕ್ಷಣ 4 ಹೆಸರು ಬಂದವು. ಒಳಗಿನ ಕ್ವೆರಿಗೆ ‘ಈಸ್ ನಾಟ್ ನಲ್’ ಸೇರಿಸಿದರೂ ನಡೆಯುತ್ತದೆ, ಆದರೆ ನಾನು ಅದನ್ನು ಮರೆಯುವುದೇ ಜಾಸ್ತಿ. ಆ ಹಾಳು ಸಾಲನ್ನು ಸರಿಪಡಿಸಿ, ಕಾಲಮ್‌ಗೆ ‘ನಾಟ್ ನಲ್’ ನಿಯಮವನ್ನೂ ಹಾಕಿಬಿಟ್ಟೆ. ಈಗ ಸಂಖ್ಯೆ ಬಿಟ್ಟು ಸಾಲು ಸೇರಿಸಲು ಹೋದರೆ ಡೇಟಾಬೇಸೇ ತಡೆಯುತ್ತದೆ.