ಮಾಡ್ ಮಾಡಿದ ಮೈನ್‌ಕ್ರಾಫ್ಟ್‌ಗೆ ನಾನು ಹಿನ್ನೆಲೆ ಸಂಗೀತ ಆರಿಸಿದ ಬಗೆ

ಆಟವನ್ನು ಮಾರ್ಪಡಿಸುವ ಸೇರ್ಪಡೆಗಳಾದ ಮಾಡ್‌ಗಳನ್ನು ಹತ್ತಾರು ಸೇರಿಸಿ, ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ನನ್ನ ಲೋಕವನ್ನು ಗುರುತು ಸಿಗದಷ್ಟು ಬದಲಿಸಿದ್ದೆ. ಆದರೂ ಹಿನ್ನೆಲೆಯಲ್ಲಿ ಹಳೆಯ ಪಿಯಾನೊ ಸಂಗೀತವೇ ಕೇಳಿಸುತ್ತಿದ್ದುದು ಹೊಂದಿಕೆಯಾಗದೆ ಅದನ್ನೂ ಬದಲಿಸಲು ಹೊರಟೆ. ಆಟವನ್ನು ಮುಚ್ಚಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಕಿವಿಗೆ ಇಂಪೆನಿಸಿದ ಇಪ್ಪತ್ತು ವಾದ್ಯಸಂಗೀತದ ತುಣುಕುಗಳನ್ನು ಆರಿಸಿದ್ದೇ ನನ್ನ ಮೊದಲ ತಪ್ಪು. ಆಡುತ್ತ ಕೇಳಿದಾಗ ಅವುಗಳಲ್ಲಿ ಉಳಿದದ್ದು ನಾಲ್ಕು.

ಗುಹೆಗಳಿಗೆಂದು ಮೆಚ್ಚಿ ಆರಿಸಿದ್ದ ಒಂದು ತುಣುಕಿನ ಉದ್ದಕ್ಕೂ ಸಿಂಬಲ್ ಎಂಬ ಲೋಹದ ತಾಳವಾದ್ಯದ ತೆಳುವಾದ ಸುಯ್ಯೆನ್ನುವ ಸದ್ದು ಹರಡಿಕೊಂಡಿತ್ತು. ಆಟಗಾರನ ಬಳಿ ಬಂದು ಸ್ಫೋಟಿಸುವ ಕ್ರೀಪರ್ ಎಂಬ ಆಟದ ಜೀವಿ ಸಿಡಿಯುವ ಮುನ್ನ ಒಂದೂವರೆ ಸೆಕೆಂಡು ಬುಸುಗುಡುತ್ತದೆ, ಓಡಿಹೋಗಲು ಆಟಗಾರನಿಗೆ ಸಿಗುವ ಸಮಯ ಅಷ್ಟೇ. ಆ ಬುಸುಗುಟ್ಟುವಿಕೆ ಸಿಂಬಲ್‌ನ ಸದ್ದಿನಲ್ಲಿ ಕರಗಿ ಹೋಗಿ ನನಗೆ ಕೇಳಿಸಲೇ ಇಲ್ಲ. ಪಕ್ಕದಲ್ಲೇ ಲಾವಾ ಇದ್ದುದರಿಂದ ಎರಡು ಗಂಟೆ ಅಗೆದು ಕೂಡಿಸಿದ್ದ ವಜ್ರಗಳೂ ಉಳಿಯಲಿಲ್ಲ. ಅಂದಿನಿಂದ ಗುಹೆಯ ಸಂಗೀತದಲ್ಲಿ ತಗ್ಗಿನ ಸ್ವರಗಳಿಗೆ ಮಾತ್ರ ಜಾಗ ಕೊಡುತ್ತೇನೆ. ಸಾಹಿತ್ಯವಿರುವ ಹಾಡುಗಳನ್ನಂತೂ ಪೂರ್ತಿಯಾಗಿ ಬಿಟ್ಟಿದ್ದೇನೆ, ಏಕೆಂದರೆ ಮಾತು ಕಿವಿಗೆ ಬಿದ್ದೊಡನೆ ಗಮನ ಆಟದಿಂದ ಅತ್ತ ಜಾರುತ್ತದೆ.

ಇನ್ನು ಕಡತಗಳ ಕೆಲಸ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಓಗ್ ವೋರ್ಬಿಸ್ ಎಂಬ ಧ್ವನಿ ಕಡತದ ರೂಪದ ಸಂಗೀತವನ್ನಷ್ಟೇ ನುಡಿಸುತ್ತದೆ. ಎಂಪಿ3 ಕಡತದ ಹೆಸರಿನ ಕೊನೆಯನ್ನು ಮಾತ್ರ ತಿದ್ದಿ ಸೇರಿಸಿ, ಸದ್ದೇ ಬರಲಿಲ್ಲವೆಂದು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡವನು ನಾನು. ಆಮೇಲೆ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ಸರಿಯಾಗಿ ಪರಿವರ್ತಿಸಿದೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರವಾಗಲಿ ಖಾಲಿ ಜಾಗವಾಗಲಿ ಇರಕೂಡದು. ಆಟದ ಚಿತ್ರ, ಸದ್ದುಗಳನ್ನು ಬದಲಿಸುವ ಕಡತಗಳ ಕಟ್ಟಿಗೆ ರಿಸೋರ್ಸ್ ಪ್ಯಾಕ್ ಎನ್ನುತ್ತಾರೆ. ಅದರೊಳಗೆ ಸದ್ದುಗಳ ಪಟ್ಟಿಯಿರುವ ಸೌಂಡ್ಸ್ ಡಾಟ್ ಜೇಸನ್ ಕಡತದಲ್ಲಿ ‘ರಿಪ್ಲೇಸ್’ ಎಂಬುದಕ್ಕೆ ‘ಟ್ರೂ’ ಎಂದು ಬರೆಯದಿದ್ದರೆ ಹೊಸ ಸಂಗೀತದ ನಡುವೆ ಹಳೆಯದೂ ಬರುತ್ತಿರುತ್ತದೆ. ‘ಸ್ಟ್ರೀಮ್’ ಎಂಬುದಕ್ಕೂ ‘ಟ್ರೂ’ ಕೊಡಬೇಕು. ಕೊಡದಿದ್ದರೆ ಆಟವು ಉದ್ದದ ಕಡತವನ್ನು ಇಡಿಯಾಗಿ ಮೆಮೊರಿಗೆ ತುಂಬಿಕೊಳ್ಳಲು ಹೋಗಿ ಕ್ಷಣಕಾಲ ತಡವರಿಸುತ್ತದೆ. ಪ್ರತಿ ತಿದ್ದುಪಡಿಯ ನಂತರ ಎಫ್3 ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು, ಆಟವನ್ನು ಮುಚ್ಚಿ ತೆರೆಯಬೇಕಿಲ್ಲ.

ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ ಒಂದು ಸಂಗೀತ ಮುಗಿದು ಇನ್ನೊಂದು ಆರಂಭವಾಗಲು 12,000ದಿಂದ 24,000 ಟಿಕ್, ಎಂದರೆ 10ರಿಂದ 20 ನಿಮಿಷ, ಹಿಡಿಯುತ್ತಿತ್ತು. ಇಷ್ಟು ಕಷ್ಟಪಟ್ಟು ಆರಿಸಿದ್ದು ಇಷ್ಟು ಅಪರೂಪಕ್ಕೆ ಕೇಳಿಸುವುದೇ ಎಂದು ಬೇಸರಪಟ್ಟು, ಬಿಡುವಿಲ್ಲದೆ ಸಂಗೀತ ನುಡಿಸುವ ಮಾಡ್ ಒಂದನ್ನು ಸೇರಿಸಿದೆ. ಮೂರನೆಯ ದಿನದ ಹೊತ್ತಿಗೆ, ಅತಿ ಇಷ್ಟವಾಗಿದ್ದ ಕೊಳಲಿನ ತುಣುಕು ಶುರುವಾಗುತ್ತಿದ್ದಂತೆ ಕೈ ತಾನಾಗಿ ವಾಲ್ಯೂಮ್ ತಗ್ಗಿಸುತ್ತಿತ್ತು. ಆ ಮಾಡನ್ನು ತೆಗೆದುಹಾಕಿ ಮೌನವನ್ನು ಮರಳಿ ತಂದ ಮೇಲೆ ಅದೇ ಕೊಳಲು ಮತ್ತೆ ಹಿತವಾಯಿತು. ಬೇರೆ ಬೇರೆ ಕಡೆಯಿಂದ ತಂದ ತುಣುಕುಗಳ ಸದ್ದಿನ ಮಟ್ಟ ಒಂದೊಂದು ತೆರನಾಗಿರುವುದರಿಂದ ಅವನ್ನೆಲ್ಲ ಸಮಕ್ಕೆ ತಂದು, ಅದರ ಮೇಲೆ ಜೇಸನ್‌ನಲ್ಲಿ ವಾಲ್ಯೂಮ್ 0.6ಕ್ಕೆ ಇಳಿಸಿದ್ದೇನೆ.

ಪ್ಯಾಕನ್ನು ಗೆಳೆಯರಿಗೂ ಕೊಡಬೇಕೆಂದಾಗ ಪರವಾನಗಿಗಳನ್ನು ನೋಡಿದೆ. ಉಳಿದಿದ್ದ ನಾಲ್ಕರಲ್ಲಿ ಎರಡು, ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಸಿಸಿ0 ಎಂಬ ಪರವಾನಗಿಯ ಅಡಿ ಮುಕ್ತವಾಗಿದ್ದವು. ಒಂದಕ್ಕೆ ಸಂಗೀತಗಾರರ ಹೆಸರು ನಮೂದಿಸಬೇಕೆಂಬ ಷರತ್ತಿತ್ತು, ಅದನ್ನು ಪ್ಯಾಕ್‌ನೊಳಗಿನ ಟಿಪ್ಪಣಿಯಲ್ಲಿ ಬರೆದೆ. ಕೊಳಲಿನ ತುಣುಕಿಗೆ ಹಂಚಿಕೆಯ ಅನುಮತಿ ಇರಲಿಲ್ಲವಾದ್ದರಿಂದ ಅದು ನನ್ನ ಕಂಪ್ಯೂಟರಿನಲ್ಲಷ್ಟೇ ಉಳಿಯಿತು.