ಭಾಗಾಕಾರ: ನಾನು ತರಗತಿಯಲ್ಲಿ ಕಲಿಸುವ ಬಗೆ

ಮೂರನೇ ತರಗತಿಗೆ ಭಾಗಾಕಾರ ಶುರು ಮಾಡುವಾಗ ನಾನು ಬೋರ್ಡಿನ ಹತ್ತಿರ ಹೋಗುವುದಿಲ್ಲ. ಹುಣಸೆಬೀಜದ ಡಬ್ಬಿ ತೆಗೆದು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತೇನೆ. 12 ಬೀಜ ಕೊಟ್ಟು ‘ಮೂರು ಜನಕ್ಕೆ ಸಮನಾಗಿ ಹಂಚಿ’ ಅಂದರೆ ಒಂದೊಂದೇ ಇಡುತ್ತಾ ಸುತ್ತು ಬರುತ್ತಾರೆ. ತಲಾ ನಾಲ್ಕು. ಇದನ್ನು ಯಾರೂ ಕಲಿಸಬೇಕಿಲ್ಲ. ಮನೆಯಲ್ಲಿ ಅಣ್ಣ-ತಂಗಿಯರ ಜೊತೆ ತಿಂಡಿ ಹಂಚಿಕೊಂಡ ಮಕ್ಕಳು ಅವರು.

ಮಾರನೇ ದಿನ ಅದೇ ಬೀಜ, ಬೇರೆ ಪ್ರಶ್ನೆ: ‘ಒಬ್ಬೊಬ್ಬರಿಗೆ ಮೂರು ಕೊಟ್ಟರೆ ಎಷ್ಟು ಜನಕ್ಕೆ ಸಾಲುತ್ತೆ?’ ಈಗ ಕೈ ಬೇರೆ ಥರ ಓಡುತ್ತದೆ. ಮೂರು ಮೂರು ಎತ್ತಿಡುತ್ತಾರೆ: 12, 9, 6, 3, ಖಾಲಿ. ಎರಡಕ್ಕೂ ಲೆಕ್ಕ 12 ÷ 3 = 4. ಆದರೆ ಮೊದಲಿನ ನಾಲ್ಕು ಬೀಜ, ಎರಡನೆಯದು ಜನ. ಇದು ಮಕ್ಕಳ ಬಾಯಿಂದಲೇ ಬರುವವರೆಗೆ ನಾನು ಭಾಗಾಕಾರದ ಚಿಹ್ನೆ ಬರೆಯುವುದಿಲ್ಲ. ಮುಂದೆ ದೊಡ್ಡ ತರಗತಿಯಲ್ಲಿ ಆರನ್ನು ಅರ್ಧದಿಂದ ಭಾಗಿಸು ಎಂದಾಗ ಅರ್ಧ ಮನುಷ್ಯನಿಗೆ ಹಂಚುವುದು ಹೇಗೆ? ಆರು ಲೀಟರ್ ಹಾಲಿಗೆ ಅರ್ಧ ಲೀಟರ್ ಪ್ಯಾಕೆಟ್ ಎಷ್ಟು ಎಂದು ಕೇಳಿಕೊಳ್ಳಬಲ್ಲ ಮಗು ಹನ್ನೆರಡು ಅಂತ ಥಟ್ಟನೆ ಹೇಳುತ್ತದೆ.

ಮಗ್ಗಿ ಬೇಕೇ ಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಬರೀ ಮಗ್ಗಿಯಿಂದ ದೊಡ್ಡ ಸಂಖ್ಯೆಗಳ ಭಾಗಾಕಾರ ಅರ್ಥವಾಗುವುದಿಲ್ಲ. ಅದಕ್ಕೆ ಹಳೆ ಕ್ಯಾಲೆಂಡರ್ ಕತ್ತರಿಸಿ ನೂರು, ಹತ್ತು, ಒಂದರ ನೋಟು ಮಾಡಿಟ್ಟಿದ್ದೇನೆ. 412 ರೂಪಾಯಿ, ನಾಲ್ಕು ಜನ. ದೊಡ್ಡ ನೋಟು ಮೊದಲು ಹಂಚುತ್ತಾರೆ: ತಲಾ ನೂರು. (ಕೂಡುವುದು, ಕಳೆಯುವುದು ಬಲದಿಂದ, ಇದೊಂದು ಮಾತ್ರ ಎಡದಿಂದ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ.) ಹತ್ತರ ನೋಟು ಒಂದೇ ಇದೆ.

‘ಮಿಸ್, ಇದು ಯಾರಿಗೂ ಬರಲ್ಲ!’

‘ಹಾಗಾದ್ರೆ ಹತ್ತರ ಸ್ಥಾನದಲ್ಲಿ ಏನು ಬರೀತೀಯ?’

‘ಸೊನ್ನೆ.’

ಹತ್ತನ್ನು ಚಿಲ್ಲರೆ ಮಾಡಿಸಿ ಉಳಿದ ಎರಡರ ಜೊತೆ ಸೇರಿಸಿದರೆ 12, ತಲಾ ಮೂರು. ಉತ್ತರ 103. ಈ ಸೊನ್ನೆ ಬಿಟ್ಟು 13 ಬರೆಯುವ ಮಕ್ಕಳು ಬಹಳ. ನಾನು ತಿದ್ದಲು ಹೋಗುವುದಿಲ್ಲ, ‘ನಿನಗೆ ನೂರರ ನೋಟು ಸಿಕ್ಕಿತ್ತಲ್ವಾ, ಅದೆಲ್ಲಿ ಹೋಯ್ತು?’ ಎಂದಷ್ಟೇ ಕೇಳುತ್ತೇನೆ. ಕೂಡಲೇ ರಬ್ಬರ್ ಹುಡುಕುತ್ತಾರೆ.

ಶೇಷ ಭಾಜಕಕ್ಕಿಂತ ಚಿಕ್ಕದಿರಬೇಕು ಎಂಬುದನ್ನೂ ಬಾಯಿಪಾಠ ಮಾಡಿಸುವುದಿಲ್ಲ. ನಾಲ್ಕು ಜನಕ್ಕೆ ಹಂಚಿ ಐದು ಬೀಜ ಉಳಿಸಿದರೆ ಪಕ್ಕದವರೇ ‘ಇನ್ನೊಂದು ಸುತ್ತು ಬರುತ್ತೆ’ ಅಂತ ಜಗಳಕ್ಕೆ ನಿಲ್ಲುತ್ತಾರೆ.

ಆ ಶೇಷವನ್ನು ಏನು ಮಾಡಬೇಕು ಎಂಬುದಕ್ಕೆ ಮಾತ್ರ ನಾನು ಹೆಚ್ಚು ಸಮಯ ಕೊಡುತ್ತೇನೆ. 23 ÷ 4 ಅಂದರೆ ಭಾಗಲಬ್ಧ 5, ಶೇಷ 3. ಬೆಂಚಿಗೆ ನಾಲ್ವರಂತೆ 23 ಮಕ್ಕಳು ಕೂರಲು ಆರು ಬೆಂಚು ಬೇಕು. 23 ರೂಪಾಯಿಗೆ ನಾಲ್ಕು ರೂಪಾಯಿಯ ಪೆನ್ಸಿಲ್ ಐದೇ ಬರುತ್ತವೆ. ನಾಲ್ಕನೇ ತರಗತಿಯವರಿಗೆ ನನ್ನ ಹೋಮ್‌ವರ್ಕ್ ಇಷ್ಟೇ: ಒಂದು ಭಾಗಾಕಾರ ಕೊಡುತ್ತೇನೆ, ಉತ್ತರ ಒಂದು ಹೆಚ್ಚಾಗುವ ಲೆಕ್ಕವೊಂದು, ಹೆಚ್ಚಾಗದ ಲೆಕ್ಕವೊಂದು ನೀವೇ ಕಟ್ಟಿಕೊಂಡು ಬನ್ನಿ.