ಆಟ ನೋಡಿ ಬೆಳೆದವರು ವೆರೋನಾ ನೋಡೋದು ಹೇಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಮಗನ ಮನೆ ಮಗಳ ಮನೆ ಅಂತ ಯುರೋಪಿಗೆ ಹೋಗೋರು ಈಗ ಸುಮಾರು ಜನ ಇದ್ದಾರೆ, ಇಟಲಿ ಅಂದ್ರೆ ರೋಮ್, ವೆನಿಸ್ ಮುಗಿಸಿ ಬಂದುಬಿಡ್ತಾರೆ. ನೀವು ಯಕ್ಷಗಾನ ನೋಡಿ ಬೆಳೆದವರಾದ್ರೆ ಅಲ್ಲೇ ಇರೋ ವೆರೋನಾ ಊರಿಗೆ ಮೂರು ದಿನ ಇಡಿ ಅಂತ ನಾನಂತೂ ಕೈಮುಗಿದು ಹೇಳ್ತೀನಿ. ಮಿಲಾನಿಂದಲೂ ವೆನಿಸಿಂದಲೂ ಸೀದಾ ಟ್ರೈನ್ ಇದೆ, ಒಂದೂವರೆ ತಾಸೊಳಗೆ ಮುಟ್ತೀರಿ.

ಮೊದಲು ಒಪೆರಾ, ಅಂದ್ರೆ ಹಾಡಲ್ಲೇ ಕಥೆ ಹೇಳೋ ಅಲ್ಲಿನ ನಾಟಕ, ಅದರ ಟಿಕೆಟ್ ಮಾಡಿ, ಉಳಿದ ದಿನ ಅದಕ್ಕೆ ಹೊಂದಿಸ್ಕೊಳ್ಳಿ. ಬೇಸಿಗೆಯಲ್ಲಿ, ಅಂದ್ರೆ ಜೂನಿಂದ ಸೆಪ್ಟೆಂಬರ್ ಶುರುವರೆಗೆ, ಅರೇನಾದಲ್ಲಿ ಆಗತ್ತೆ. ಅದು ಸುಮಾರು 2000 ವರ್ಷದ ಹಿಂದೆ ರೋಮನ್ನರು ಕಟ್ಟಿದ ಬಯಲು ರಂಗ, 1117ರ ಭೂಕಂಪದಲ್ಲಿ ಹೊರಸುತ್ತು ಬಿದ್ದುಹೋಗಿ ಅದರ ನಾಲ್ಕು ಕಮಾನು ಮಾತ್ರ ಉಳ್ಕೊಂಡಿದೆ. 1913ರಲ್ಲಿ ಒಪೆರಾ ಸಂಗೀತಗಾರ ವೆರ್ದಿ ಹುಟ್ಟಿ ನೂರು ವರ್ಷ ಆಯ್ತು ಅಂತ ಇಲ್ಲಿ ಅವನ 'ಐದಾ' ಆಡಿದ್ರು, ಉತ್ಸವ ಶುರುವಾಗಿದ್ದು ಹಾಗೆ.

ಮೇಲಿನ ಕಲ್ಲಿನ ಮೆಟ್ಟಿಲೇ ಅಗ್ಗದ ಸೀಟು, ನನಗೆ ಇಷ್ಟವೂ ಅದೇ. ಗದ್ದೆ ಬಯಲಿಗೆ ಆಟಕ್ಕೆ ಹೋಗೋವಾಗ ಕಂಬಳಿ ಹಿಡ್ಕೊಂಡು ಹೋಗ್ತಿದ್ವಲ್ಲ, ಹಾಗೇ ಒಂದು ದಿಂಬು, ಒಂದು ಶಾಲು ಬೇಕೇ ಬೇಕು, ಯಾಕಂದ್ರೆ ಶುರುವಲ್ಲಿ ಕಲ್ಲು ಬಿಸಿಲಿಗೆ ಕಾದು ಬೆಚ್ಚಗಿರತ್ತೆ, ಮುಗಿಯೋದು ಮಾತ್ರ ಮಧ್ಯರಾತ್ರಿ ದಾಟಿ. ಗಾಜಿನ ಬಾಟಲಿ ಒಳಗೆ ಬಿಡಲ್ಲ. ಟಿಕೆಟ್ಟಲ್ಲಿ ಸೀಟ್ ನಂಬರ್ ಇಲ್ಲದಿದ್ರೆ ಬೇಗ ಹೋಗಿ ಜಾಗ ಹಿಡೀರಿ.

ನಮ್ಮ ಅಜ್ಜ "ತಮಾ, ಪ್ರಸಂಗ ತಿಳ್ಕಂಡು ಬಾ" ಅಂತಿದ್ರು, ಇಲ್ಲಿಗೂ ಅದೇ ಮಾತು. ಹೋಟೆಲಲ್ಲೇ ಕಥೆ ಓದ್ಕೊಳ್ಳಿ, 'ಐದಾ' ಆದ್ರೆ ಹೀಗೆ: ಈಜಿಪ್ಟಿನ ಸೇನಾಪತಿ ರಾದಮೇಸ್, ಅವನು ಪ್ರೀತಿಸೋ ಇಥಿಯೋಪಿಯಾದ ಸೆರೆಯಾಳು ಐದಾ, ಅವನನ್ನೇ ಬಯಸೋ ರಾಜಕುಮಾರಿ ಆಮ್ನೇರಿಸ್. ಇಷ್ಟು ಗೊತ್ತಿದ್ರೆ ಭಾಷೆ ಬರದಿದ್ರೂ ಭಾಗವತರ ಪದ ಕೇಳಿದ ಹಾಗೆ ಒಳಗೆ ಇಳಿಯತ್ತೆ. ಕತ್ತಲಾದ ಮೇಲೆ ಜನ ಸಣ್ಣ ಸಣ್ಣ ಮೇಣದಬತ್ತಿ ಹಚ್ತಾರೆ, ಒಂದರಿಂದ ಒಂದಕ್ಕೆ ಹಚ್ಚಿ ಇಡೀ ಮೆಟ್ಟಿಲು ಮಿಣಮಿಣ ಅನ್ನೋವಾಗ ನಂಗೆ ನಮ್ಮೂರ ದೀಪೋತ್ಸವನೇ ಕಣ್ಮುಂದೆ ಬಂತು.

ಮರುದಿನ ಬೆಳಿಗ್ಗೆ ಸಾಂತ ಅನಸ್ತಾಸಿಯಾ ಚರ್ಚು. ಒಂದು ಸಣ್ಣ ಬೈನಾಕ್ಯುಲರ್ ಇಟ್ಕೊಳ್ಳಿ, ಪಿಸಾನೆಲ್ಲೊ ಬರೆದ ಸಂತ ಜಾರ್ಜ್ ಮತ್ತು ರಾಜಕುಮಾರಿಯ ಭಿತ್ತಿಚಿತ್ರ ತುಂಬಾ ಎತ್ತರದಲ್ಲಿದೆ. ಕುದುರೆಯನ್ನ ಹಿಂದಿನಿಂದ ಬರೆದಿದ್ದಾನೆ, ಅದರ ಬೆನ್ನು, ಬಾಲ ನೋಡ್ತಾ ಹೋದ್ರೆ ದೂರದಲ್ಲಿ ನೇಣಿಗೆ ಹಾಕಿದ ಇಬ್ಬರು ಕಾಣ್ತಾರೆ, ಮದುವೆ ಕಳೆಯ ರಾಜಕುಮಾರಿ ಪಕ್ಕದಲ್ಲೇ. ಅಲ್ಲಿಂದ ನಡ್ಕೊಂಡೇ ಪಿಯೆತ್ರಾ ಸೇತುವೆಗೆ ಹೋಗಿ, 1945ರಲ್ಲಿ ಜರ್ಮನ್ನರು ಓಡೋವಾಗ ಸಿಡಿಸಿದ್ದನ್ನ ಊರಿನವರು ಅದಿಜೆ ನದಿಯೊಳಗಿನ ಅದೇ ಕಲ್ಲು ಎತ್ತಿ ಮತ್ತೆ ಕಟ್ಟಿದ್ದಾರೆ. ಸಾನ್ ಜೆನೋ ಚರ್ಚಲ್ಲಿ ಮಂತೇನ್ಯಾ ಬರೆದ ಮೂರು ಫಲಕದ ಚಿತ್ರ, ಕಂಚಿನ ಬಾಗಿಲು ಎರಡೂ ನೋಡಿ. ಶೇಕ್ಸ್‌ಪಿಯರ್ ನಾಟಕದ ಜೂಲಿಯೆಟ್‌ದು ಅಂತ ತೋರಿಸೋ ಮನೆಯಲ್ಲಿ ಜಾಸ್ತಿ ಹೊತ್ತು ಬೇಡ, ಬಾಲ್ಕನಿ 20ನೇ ಶತಮಾನದಲ್ಲಿ ಕೂರಿಸಿದ್ದು.

ಮೂರನೇ ದಿನ ಗಾರ್ದಾ ಸರೋವರ. ಅದರ ದಡದ ಪೆಸ್ಕಿಯೇರಾಕ್ಕೆ ಟ್ರೈನಲ್ಲಿ ಕಾಲು ಗಂಟೆ, ಅಲ್ಲಿಂದ ದೋಣಿ ಹಿಡಿದು ಸಿರ್ಮಿಯೋನೆಗೆ ಹೋಗಿ, ನೀರಲ್ಲೇ ನಿಂತ ಕೋಟೆ ಇದೆ, ತುದಿಯಲ್ಲಿ ರೋಮನ್ ಬಂಗಲೆಯ ಅವಶೇಷ. ವಾಪಸ್ ದೋಣಿಯ ಟೈಮು ಇಳಿದ ಕೂಡ್ಲೇ ಬೋರ್ಡಲ್ಲಿ ನೋಡಿ ಫೋಟೋ ತೆಕ್ಕೊಳ್ಳಿ.